ಬಿಲ್ಲು, ಬಾಣ ಮತ್ತು ಕಾಡುಹಂದಿ

ಕಿರಾತಾರ್ಜುನರ ಕಥೆಯನ್ನು ಕೇಳದ ಕನ್ನಡಿಗರು ವಿರಳ. ತಪಸ್ಸಿನಲ್ಲಿದ್ದ ಅರ್ಜುನನ ಮೇಲೆ ಮೂಕನೆಂಬ ರಾಕ್ಷಸನು ಹಂದಿಯ ರೂಪದಿಂದ ಏರಿಬರುತ್ತಾನೆ. ಅರ್ಜುನನೂ ಬೇಡನ ವೇಷದ ಶಿವನೂ ಏಕಕಾಲದಲ್ಲಿ ಬಾಣ ಬಿಡುತ್ತಾರೆ. ಎರಡು ಬಾಣಗಳೂ ನಾಟಿ ಹಂದಿ ಉರುಳುತ್ತದೆ. ಅದು ಯಾರ ಬಾಣಕ್ಕೆ ಬಿದ್ದಿತೆಂದು ಜಗಳ ಹುಟ್ಟುತ್ತದೆ. ಕವಿಗೆ ಮುಖ್ಯವಾದುದು ಆ ಜಗಳ. ವಿಜ್ಞಾನದ ವಿದ್ಯಾರ್ಥಿಗಾದರೋ ಅದಕ್ಕೂ ಮೊದಲು ಬೇರೊಂದು ಪ್ರಶ್ನೆ ಏಳುತ್ತದೆ. ಬಿದಿರಿನ ಒಂದು ಸೀಳನ್ನು ಬಾಗಿಸಿ ಹುರಿಯೊಂದನ್ನು ಬಿಗಿದ ಸಾಧನವು ದಪ್ಪ ಚರ್ಮದ, ಚುರುಕು ಮೂಗಿನ, ಸಿಟ್ಟಿನ ಆ ಪ್ರಾಣಿಯನ್ನು ಹೇಗೆ ಬೀಳಿಸಬಲ್ಲುದು? ಎಷ್ಟು ದೂರದಿಂದ ಬೀಳಿಸಬಲ್ಲುದು?

ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯಲ್ಲಿ ಈ ಪ್ರಶ್ನೆ ಕೇವಲ ಪುರಾಣಕ್ಕೆ ಸೇರಿದುದಲ್ಲ. ಇಲ್ಲಿ ಎಷ್ಟೋ ಕಡೆ ಕಾಡಿನ ಅಂಚೂ ಗದ್ದೆಯ ಅಂಚೂ ಒಂದೇ. ಜೋಯಿಡಾದ ಕಣಿವೆಗಳಲ್ಲಿ ಕುಣಬಿ ಜನರು ಬೆಳೆಯುವ ಭತ್ತ ಮತ್ತು ಗೆಡ್ಡೆಗೆಣಸು, ಹಳಿಯಾಳದ ಕಡೆಯ ಭತ್ತ ಮತ್ತು ಕಬ್ಬು, ಮುಂಡಗೋಡದ ಕಡೆಯ ಭತ್ತ ಮತ್ತು ಗೋವಿನಜೋಳ, ಇವೆಲ್ಲವೂ ಕಾಡುಹಂದಿಗೆ ಪ್ರಿಯವಾದ ಆಹಾರ. ತೆನೆ ಬಲಿಯುವ ಕಾಲದಲ್ಲಿ ಒಂದು ಹಿಂಡು ಒಂದು ರಾತ್ರಿ ಗದ್ದೆಗೆ ಇಳಿದರೆ ಸಾಕು. ತಿಂದುದಕ್ಕಿಂತ ತುಳಿದು ಕೆಡಿಸಿದುದೇ ಹೆಚ್ಚಾಗಿರುತ್ತದೆ. ಎರಡು ಮೂರು ಎಕರೆ ಗದ್ದೆಯನ್ನು ನಂಬಿದ ಮನೆಗೆ ಅದು ವರ್ಷದ ಅನ್ನದ ಪ್ರಶ್ನೆ.

ಕಳೆದ ಕಾರ್ತಿಕದಲ್ಲಿ, ಒಂದು ಶನಿವಾರ ಭಾನುವಾರಗಳ ಬಿಡುವಿನಲ್ಲಿ, ನಾವು ನಾಲ್ವರು ಅಧ್ಯಾಪಕ ಮಿತ್ರರು ಈ ಪ್ರಶ್ನೆಯ ಎರಡು ಮುಖಗಳನ್ನೂ ನೋಡಿ ಬರಲು ಹೊರಟೆವು. ಶನಿವಾರ ಬೆಳಿಗ್ಗೆ ಹಳಿಯಾಳದ ಸಮೀಪ, ಕೊಯ್ಲು ಮುಗಿದ ಒಂದು ಗದ್ದೆಯಲ್ಲಿ ಬಿಲ್ಲಿನ ಬಲವನ್ನು ಅಳೆಯುವುದು. ಬಿಲ್ಲನ್ನು ಅಲ್ಲಿಯೇ ಬಿಟ್ಟು, ದಾಂಡೇಲಿಯ ಮಾರ್ಗವಾಗಿ ಜೋಯಿಡಾ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿ, ರಾತ್ರಿ ರೈತರೊಡನೆ ಗದ್ದೆ ಕಾಯುವುದು. ಇದು ನಮ್ಮ ಕಾರ್ಯಕ್ರಮ. ಬಿಲ್ಲನ್ನು ಏಕೆ ಬಿಟ್ಟುಹೋಗಬೇಕಾಯಿತೆಂಬುದನ್ನು ಮೊದಲು ಹೇಳುವುದು ಉಚಿತ.

ಬೇಟೆಯ ನಾಡು

ಕನ್ನಡ ನಾಡಿನಲ್ಲಿ ಹಂದಿಬೇಟೆ ಬಹು ಪುರಾತನವಾದುದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949-50ರ ಶಾಸನವು ಒಂದು ಬೇಟೆನಾಯಿಯ ಸ್ಮಾರಕ. ಮಣಲೇರನೆಂಬ ವೀರನು ತನ್ನ ಒಡೆಯನಿಂದ ಮೆಚ್ಚುಗೆಯಾಗಿ ಬೇಡಿ ಪಡೆದ ಆ ನಾಯಿಯ ಹೆಸರು ಕಾಳಿ. ಅದು ಒಂದು ದೊಡ್ಡ ಕಾಡುಹಂದಿಯೊಡನೆ ಹೋರಾಡಿತು. ನಾಯಿಯೂ ಹಂದಿಯೂ ಜೊತೆಯಲ್ಲೇ ಸತ್ತವು. ಜೋಯಿಡಾದ ಕಣಿವೆಗಳಲ್ಲಿ ಹರಿಯುವ ನದಿಯ ಹೆಸರೂ ಕಾಳಿಯೇ ಎಂಬುದು ಆಕಸ್ಮಿಕವಾದರೂ ನೆನಪಿನಲ್ಲಿ ಉಳಿಯುವ ಸಂಗತಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಬೇಟೆಯ ವಿಧಾನಗಳು ವಿಸ್ತಾರವಾಗಿ ವರ್ಣಿತವಾಗಿವೆ. ಆ ಚಾಲುಕ್ಯರ ಲಾಂಛನವೇ ವರಾಹ. ನಮ್ಮ ಹಿರಿಯರು ಎಣಿಸಿದ ಚಿನ್ನದ ನಾಣ್ಯದ ಹೆಸರೂ ವರಾಹ. ಪೂಜಿಸಿದ ಪ್ರಾಣಿಯನ್ನೇ ಬೇಟೆಯಾಡಿದುದೂ, ಬೇಟೆಯಾಡಿದುದನ್ನೇ ಪೂಜಿಸಿದುದೂ ನಮ್ಮ ಚರಿತ್ರೆಯಲ್ಲಿ ಒಟ್ಟಿಗೇ ಸಾಗಿವೆ.

ಆದರೆ ಕಾಲ ಬದಲಾಗಿದೆ. 1956ರಲ್ಲಿ ದಾಂಡೇಲಿ ಅಭಯಾರಣ್ಯವು ಸ್ಥಾಪಿತವಾಯಿತು. ಮುಂದೆ ಅಣಶಿ ರಾಷ್ಟ್ರೀಯ ಉದ್ಯಾನವೂ ಅದೂ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದವು. 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದರ ತಿದ್ದುಪಡಿಗಳೂ ವಿನೋದದ ಬೇಟೆಯನ್ನು ಕೊನೆಗಾಣಿಸಿದವು. 2022ರ ತಿದ್ದುಪಡಿಯ ಅನಂತರ ಕಾಡುಹಂದಿಯು ಆ ಕಾಯಿದೆಯ ಎರಡನೆಯ ಅನುಸೂಚಿಯಲ್ಲಿದೆ. ಪ್ರಾಣಕ್ಕಾಗಲಿ ಬೆಳೆಗಾಗಲಿ ಅಪಾಯ ತಂದ ಹಂದಿಯನ್ನು ಕೊಲ್ಲಲು ಅಧಿಕಾರವುಳ್ಳ ಅಧಿಕಾರಿಯ ಲಿಖಿತ ಅಪ್ಪಣೆ ಬೇಕು. ಅಮೆರಿಕದಲ್ಲಿ ಸಂಗತಿ ಬೇರೆ. ಅಲ್ಲಿಗೆ ಹಂದಿ ಪರಕೀಯ. 1539ರಲ್ಲಿ ಸ್ಪೇನಿನ ಡಿ ಸೋಟೊ ಫ್ಲಾರಿಡಾಕ್ಕೆ ತಂದಿಳಿಸಿದ ಹಂದಿಗಳಂಥವು ಕಾಡುಬಿದ್ದು ಬೆಳೆದ ಸಂತತಿ ಅದು. ಅಲ್ಲಿನ ಜವುಗುನೆಲಗಳಲ್ಲಿ ಮಿತ್ರರು ಗುಂಪುಗೂಡಿ ಬಿಲ್ಲು ಹಿಡಿದು ಹಂದಿಬೇಟೆಗೆ ಹೋಗುವುದು ಇಂದಿಗೂ ನ್ಯಾಯಸಮ್ಮತವಾದ ವಿನೋದ. ನಮ್ಮಲ್ಲಿ ಹಂದಿಯು ಈ ಕಾಡಿನ ಹುಟ್ಟುನಿವಾಸಿ. ಹುಲಿಗೂ ಚಿರತೆಗೂ ಕೆನ್ನಾಯಿಗೂ ಆಹಾರ. ಆದುದರಿಂದ ನಮ್ಮ ಬಿಲ್ಲಿಗೆ ಸಿಕ್ಕ ಹಂದಿಯು ಗೋಣಿಚೀಲಕ್ಕೆ ಹುಲ್ಲು ತುಂಬಿ ಹೊಲಿದುದಾಗಿತ್ತು.

ಬಿಲ್ಲೆಂಬ ಯಂತ್ರ

ಬಿಲ್ಲು ಮಾನವನ ಅತಿ ಪ್ರಾಚೀನ ಯಂತ್ರಗಳಲ್ಲೊಂದು. ಅದರ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬಹುದು: ತೋಳು ನಿಧಾನವಾಗಿ ಕೊಟ್ಟ ಶಕ್ತಿಯನ್ನು ಕೂಡಿಟ್ಟು, ಅದನ್ನು ಕ್ಷಣಾರ್ಧದಲ್ಲಿ ಬಾಣಕ್ಕೆ ಒಪ್ಪಿಸುವುದು. ಕಲ್ಲನ್ನು ಕೈಯಿಂದ ಎಸೆಯುವಾಗ ನಮ್ಮ ತೋಳೂ ಆ ವೇಗದಲ್ಲಿ ಚಲಿಸಬೇಕು. ಭಾರವಾದ ತೋಳನ್ನು ಓಡಿಸುವುದರಲ್ಲಿಯೇ ಬಲದ ಬಹುಭಾಗ ವ್ಯಯವಾಗುತ್ತದೆ. ಬಿಲ್ಲಿನಲ್ಲಿ ತೋಳು ಸಾವಕಾಶವಾಗಿ ಎಳೆಯುತ್ತದೆ. ಬಾಗಿದ ಬಿದಿರು ಆ ಶಕ್ತಿಯನ್ನು ಸ್ಥಿತಿಸ್ಥಾಪಕ ಶಕ್ತಿಯ ರೂಪದಲ್ಲಿ ಹಿಡಿದಿಡುತ್ತದೆ. ಹೆದೆಯನ್ನು ಬಿಟ್ಟೊಡನೆ ಅದು ಚಲನಶಕ್ತಿಯಾಗಿ ಬಾಣಕ್ಕೆ ಹೋಗುತ್ತದೆ.

ನಮ್ಮ ಮಿತ್ರರಲ್ಲೊಬ್ಬರು ಬಿದಿರನ್ನು ಸೀಳಿ ತಾವೇ ಬಿಲ್ಲು ಮಾಡಿದ್ದರು. ಬಿದಿರಿನ ಹೊರಮೈಯಲ್ಲಿ ನಾರು ದಟ್ಟವಾಗಿರುತ್ತದೆ. ಎಳೆತವನ್ನು ಅದು ಚೆನ್ನಾಗಿ ತಾಳಬಲ್ಲುದು. ಬಾಗಿಸಿದಾಗ ಗುರಿಯ ಕಡೆಗಿರುವ ಮೈ ಹಿಗ್ಗುತ್ತದೆ, ಬಿಲ್ಲುಗಾರನ ಕಡೆಗಿರುವ ಮೈ ಕುಗ್ಗುತ್ತದೆ. ಆದಕಾರಣ ಸಿಪ್ಪೆಯ ಮೈಯನ್ನು ಗುರಿಯ ಕಡೆಗೆ ಬಿಡುವುದು ಪದ್ಧತಿ. 1950ರ ದಶಕದಲ್ಲಿ ದಾಂಡೇಲಿಗೆ ಕಾಗದದ ಕಾರ್ಖಾನೆಯನ್ನು ತಂದುದು ಈ ಕಾಡಿನ ಬಿದಿರೇ. ಕಾಗದಕ್ಕೆ ಬಲ ಕೊಡುವ ಆ ನಾರೇ ಬಿಲ್ಲಿಗೂ ಬಲ ಕೊಡುತ್ತದೆ.

ಬಿಲ್ಲನ್ನು ಮರದ ಕೊಂಬೆಗೆ ತೂಗುಹಾಕಿ, ಹೆದೆಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆದೆವು. ಹೆದೆಯು ತನ್ನ ನೆಲೆಯಿಂದ 50 ಸೆಂಟಿಮೀಟರು ಹಿಂದೆ ಬಂದಾಗ ತಕ್ಕಡಿ 15 ಕಿಲೋಗ್ರಾಮು ತೋರಿಸಿತು. ಅಂದರೆ ಬಲವು ಸುಮಾರು 147 ನ್ಯೂಟನ್. ಬಲವು ಸೊನ್ನೆಯಿಂದ ಕ್ರಮವಾಗಿ ಏರುವುದರಿಂದ ಅದರ ಅರ್ಧವನ್ನು ಸರಾಸರಿಯೆಂದು ಹಿಡಿಯೋಣ. ಅದನ್ನು ಅರ್ಧ ಮೀಟರಿನಿಂದ ಗುಣಿಸಿದರೆ ಬಿಲ್ಲಿನಲ್ಲಿ ಕೂಡಿದ ಶಕ್ತಿ ಸುಮಾರು 37 ಜೌಲ್.

ಇನ್ನು ಬಾಣದ ವೇಗ. ಇದಕ್ಕೆ ಬೆಲೆಬಾಳುವ ಉಪಕರಣ ಬೇಕಿಲ್ಲ. ಗೆಲಿಲಿಯೊ ತೋರಿಸಿಕೊಟ್ಟ ನಿಯಮವೊಂದು ಸಾಕು. ಅಡ್ಡಲಾಗಿ ಹೊರಟ ವಸ್ತುವೂ, ಅದೇ ಎತ್ತರದಿಂದ ಸುಮ್ಮನೆ ಬಿಟ್ಟ ವಸ್ತುವೂ ನೆಲ ಮುಟ್ಟಲು ಒಂದೇ ಕಾಲವನ್ನು ತೆಗೆದುಕೊಳ್ಳುತ್ತವೆ. ಒಂದೂವರೆ ಮೀಟರು ಎತ್ತರದಿಂದ ಬೀಳಲು ಸುಮಾರು 0.55 ಸೆಕೆಂಡು ಬೇಕು. ನಮ್ಮ ಮಿತ್ರರು ಅಷ್ಟೇ ಎತ್ತರದಲ್ಲಿ ಬಿಲ್ಲು ಹಿಡಿದು, ಸಮತಟ್ಟಾದ ಗದ್ದೆಯ ಮೇಲೆ ಅಡ್ಡಲಾಗಿ ಹಲವು ಬಾಣಗಳನ್ನು ಬಿಟ್ಟರು. ಅವು ಸುಮಾರು 22 ಮೀಟರು ದೂರದಲ್ಲಿ ನೆಲಕ್ಕೆ ನಾಟಿದವು. ಆದುದರಿಂದ ವೇಗವು ಸೆಕೆಂಡಿಗೆ 40 ಮೀಟರು. ಬಾಣದ ತೂಕ 30 ಗ್ರಾಮು. ಚಲನಶಕ್ತಿ 24 ಜೌಲ್.

ಕೊಟ್ಟುದು 37, ಬಾಣಕ್ಕೆ ದಕ್ಕಿದುದು 24. ಉಳಿದುದು ಎಲ್ಲಿ ಹೋಯಿತು? ಬಿಲ್ಲಿನ ಎರಡು ತೋಳುಗಳೂ ಹೆದೆಯೂ ಸಹ ಮುಂದಕ್ಕೆ ಹಾರಬೇಕಷ್ಟೆ. ಆ ಚಲನೆಯಲ್ಲಿಯೂ ಅನಂತರದ ಕಂಪನದಲ್ಲಿಯೂ ಅದು ವ್ಯಯವಾಯಿತು. ಕಾವ್ಯಗಳಲ್ಲಿ ಜೇವೊಡೆಯುವುದು, ಧನುಷ್ಟಂಕಾರ ಎಂದು ಕೊಂಡಾಡಿರುವ ಆ ನಾದವು ಬಾಣಕ್ಕೆ ಸೇರದೆ ಹೋದ ಶಕ್ತಿಯ ಕೂಗು. ಯುದ್ಧದಲ್ಲಿ ಅದು ಶತ್ರುವನ್ನು ಹೆದರಿಸಬಹುದು. ಬೇಟೆಯಲ್ಲಿ ಅದರಿಂದ ಬೇಟೆಗಾರನಿಗೇ ಹಾನಿ. ಈ ಮಾತಿಗೆ ಮತ್ತೆ ಬರೋಣ.

ಬಿಲ್ಲಿನ ಭೌತಶಾಸ್ತ್ರವನ್ನು ಪ್ರಯೋಗಕ್ಕೆ ಒಳಪಡಿಸಿದವರಲ್ಲಿ ಅಮೆರಿಕದ ಕ್ಲಾರೆನ್ಸ್ ಹಿಕ್‌ಮನ್ ಮತ್ತು ಪಾಲ್ ಕ್ಲಾಪ್‌ಸ್ಟೆಗ್ ಪ್ರಮುಖರು. ಇಬ್ಬರೂ ಭೌತವಿಜ್ಞಾನಿಗಳು, ಇಬ್ಬರೂ ಬಿಲ್ಲುಗಾರರು. ದುಂಡು ಹೊಟ್ಟೆಯ ಇಂಗ್ಲಿಷ್ ಬಿಲ್ಲಿಗಿಂತ ಚಪ್ಪಟೆ ತೋಳಿನ ಬಿಲ್ಲು ಮೇಲೆಂಬುದನ್ನು ಹಿಕ್‌ಮನ್ ಲೆಕ್ಕದಿಂದಲೂ ಪ್ರಯೋಗದಿಂದಲೂ ತೋರಿಸಿದನು. ಬಿದಿರಿನ ಸೀಳು ಸ್ವಭಾವದಿಂದಲೇ ಚಪ್ಪಟೆಯಾದುದು. ನಮ್ಮ ಬೇಡರಿಗೆ ಈ ಲಾಭವು ಲೆಕ್ಕವಿಲ್ಲದೆಯೇ ದೊರೆತಿತ್ತು. ರಾಟೆಗಳನ್ನು ಅಳವಡಿಸಿದ ಹೊಸ ಮಾದರಿಯ ಬಿಲ್ಲಿಗೆ ಹಾಲೆಸ್ ವಿಲ್ಬರ್ ಆಲೆನ್ ಎಂಬಾತನು 1969ರಲ್ಲಿ ಪೇಟೆಂಟು ಪಡೆದನು. ಅದರ ಬಾಣ ಬಿದಿರುಬಿಲ್ಲಿನ ಬಾಣಕ್ಕಿಂತ ಬಹು ವೇಗವಾಗಿ ಹಾರುತ್ತದೆ. ಆದರೂ ಮುಂದೆ ಹೇಳಲಿರುವ ಮಿತಿಯಿಂದ ಅದೂ ಪೂರ್ತಿ ಬಿಡುಗಡೆ ಹೊಂದಿಲ್ಲ.

ಬಾಣದ ನಡೆ

ಬಾಣವನ್ನು ನೇರವಾದ ಕಡ್ಡಿಯೆಂದು ನಾವು ತಿಳಿದಿರುತ್ತೇವೆ. ಹಾರುವಾಗ ಅದು ಮೀನಿನಂತೆ ನುಲಿಯುತ್ತದೆ. ಹೆದೆಯು ಹಿಂದಿನಿಂದ ಥಟ್ಟನೆ ನೂಕಿದಾಗ ಕಡ್ಡಿ ಬಾಗುತ್ತದೆ. ಬಾಗಿ, ಬಿಲ್ಲಿನ ಹಿಡಿಯನ್ನು ಬಳಸಿಕೊಂಡು, ಮತ್ತೊಂದು ಕಡೆಗೆ ಬಾಗಿ, ಹೀಗೆ ಕಂಪಿಸುತ್ತ ಮುಂದೆ ಸಾಗುತ್ತದೆ. ಹಿಡಿಯು ದಾರಿಗೆ ಅಡ್ಡವಿದ್ದರೂ ಬಾಣವು ಗುರಿಯ ಕಡೆಗೇ ಹೋಗುವುದು ಈ ನುಲಿತದ ಕಾರಣದಿಂದಲೇ. ಬಿಲ್ಲುಗಾರನ ವಿರೋಧಾಭಾಸವೆಂದು ಹೆಸರಾದ ಈ ಸಂಗತಿಯನ್ನು ಹಿಕ್‌ಮನ್ ಶೀಘ್ರ ಛಾಯಾಗ್ರಹಣದಿಂದ ಕಣ್ಣಿಗೆ ಕಾಣಿಸಿದನು. ಕಡ್ಡಿ ತೀರ ಬಿರುಸಾಗಿದ್ದರೂ ದೋಷ, ತೀರ ಬಳುಕುವುದಾದರೂ ದೋಷ. ಬಿಲ್ಲಿನ ಬಲಕ್ಕೆ ಅದರ ಬಿಗುವು ಹೊಂದಿಕೊಳ್ಳಬೇಕು.

ಬಾಣದ ಹಿಂತುದಿಯ ಗರಿಗಳ ಕೆಲಸವೂ ಸ್ವಾರಸ್ಯವಾದುದು. ಲೋಹದ ಮೊನೆಯಿಂದಾಗಿ ಬಾಣದ ಗುರುತ್ವಕೇಂದ್ರ ಮುಂದಿರುತ್ತದೆ. ಗರಿಗಳಿಂದಾಗಿ ಗಾಳಿಯ ಒತ್ತಡ ಹಿಂದೆ ಹೆಚ್ಚಾಗಿ ಬೀಳುತ್ತದೆ. ಬಾಣ ಸ್ವಲ್ಪ ಓರೆಯಾದೊಡನೆ ಗಾಳಿಯು ಬಾಲವನ್ನು ಹಿಡಿದು ನೇರ ಮಾಡುತ್ತದೆ. ಗಾಳಿಕೋಳಿ ತಿರುಗುವುದೂ ಇದೇ ತತ್ತ್ವದಿಂದ.

ಅರ್ಧ ಸೆಕೆಂಡಿನ ಕಥೆ

ಸೆಕೆಂಡಿಗೆ 40 ಮೀಟರು ವೇಗದ ಬಾಣವು, ಗಾಳಿಯ ತಡೆಯನ್ನು ಬಿಟ್ಟು ಲೆಕ್ಕಹಾಕಿದರೆ, 45 ಅಂಶದ ಓರೆಯಲ್ಲಿ ಸುಮಾರು 160 ಮೀಟರು ದೂರ ಹೋಗಬಲ್ಲುದು. ಇದನ್ನು ಕೇಳಿದವರು, ಹಂದಿಯನ್ನು ನೂರು ಮೀಟರಿನಿಂದ ಹೊಡೆಯಬಹುದಲ್ಲವೇ ಎಂದು ಕೇಳಿಯಾರು. ಇಲ್ಲ, ಬಾಣದ ಬೀಳುವಿಕೆಯನ್ನೇ ಮೊದಲು ನೋಡೋಣ. 20 ಮೀಟರು ಕ್ರಮಿಸಲು ಅರ್ಧ ಸೆಕೆಂಡು ಬೇಕು. ಅಷ್ಟರಲ್ಲಿ ಬಾಣ 1.2 ಮೀಟರು ಕೆಳಗಿಳಿಯುತ್ತದೆ. ಬಿಲ್ಲುಗಾರನು ಇದನ್ನು ಅರಿತು ಮೇಲಕ್ಕೆ ಗುರಿ ಹಿಡಿಯುತ್ತಾನೆ, ನಿಜ. ಆದರೆ ದೂರದ ಅಂದಾಜು ತಪ್ಪಬಾರದು. 20 ಮೀಟರೆಂದು ಗುರಿ ಹಿಡಿದ ಪ್ರಾಣಿ ವಾಸ್ತವವಾಗಿ 25 ಮೀಟರಿನಲ್ಲಿದ್ದರೆ ಬಾಣವು ಗುರಿಗಿಂತ ಸುಮಾರು 38 ಸೆಂಟಿಮೀಟರು ಕೆಳಗೆ ಹೋಗುತ್ತದೆ. ಮಬ್ಬು ಬೆಳಕಿನಲ್ಲಿ ಐದು ಮೀಟರಿನ ವ್ಯತ್ಯಾಸವನ್ನು ಕಣ್ಣಿನಿಂದ ತಿಳಿಯುವುದು ಅತ್ಯಂತ ಕಷ್ಟ.

ಇನ್ನು ಜೇವೊಡೆಯ ವಿಷಯ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರು. 20 ಮೀಟರು ದೂರದ ಹಂದಿಗೆ ಹೆದೆಯ ನಾದ 0.06 ಸೆಕೆಂಡಿನಲ್ಲಿ ಕೇಳಿಸುತ್ತದೆ. ಬಾಣ ಬರುವುದಕ್ಕೆ ಇನ್ನೂ 0.44 ಸೆಕೆಂಡು ಉಳಿದಿರುತ್ತದೆ. ಬೆಚ್ಚಲು ಹಂದಿಗೆ ಸೆಕೆಂಡಿನ ಐದನೆಯ ಒಂದು ಭಾಗ ಹಿಡಿಯಿತೆಂದು ಇಟ್ಟುಕೊಳ್ಳೋಣ. ಉಳಿದ 0.24 ಸೆಕೆಂಡಿನಲ್ಲಿ ಅದು ಏನು ಮಾಡಬಲ್ಲುದು? ನೆಗೆಯುವ ಯಾವ ಪ್ರಾಣಿಯೂ ಮೊದಲು ಕಾಲು ಸಡಿಲಿಸಿ ಮೈಯನ್ನು ತಗ್ಗಿಸುತ್ತದೆ. ಕೇವಲ ಗುರುತ್ವಾಕರ್ಷಣೆಗೆ ಮೈಬಿಟ್ಟರೂ ಅಷ್ಟು ಕಾಲದಲ್ಲಿ 28 ಸೆಂಟಿಮೀಟರು ತಗ್ಗಬಹುದು. ಎದೆಗೆ ಹೊರಟ ಬಾಣ ಬೆನ್ನಿನ ಮೇಲೆ ಹಾರಿಹೋಗಲು ಅಷ್ಟು ಸಾಕು.

ಈಗ ದೂರವನ್ನು ಅರ್ಧಕ್ಕೆ ಇಳಿಸೋಣ. 10 ಮೀಟರಿಗೆ ಬಾಣದ ಕಾಲ 0.25 ಸೆಕೆಂಡು, ಶಬ್ದದ ಕಾಲ 0.03. ಉಳಿದುದು 0.22, ಬೆಚ್ಚಲು ಬೇಕಾದ 0.20 ಕಳೆದರೆ ಮಿಕ್ಕುದು ಸೆಕೆಂಡಿನ ಐವತ್ತನೆಯ ಒಂದು ಭಾಗ ಮಾತ್ರ. ಅಷ್ಟರಲ್ಲಿ ಮೈ ತಗ್ಗುವುದು ಎರಡು ಮಿಲಿಮೀಟರು! ದೂರ ಅರ್ಧವಾಯಿತು, ತಪ್ಪಿಸಿಕೊಳ್ಳುವ ಅವಕಾಶ ಅರ್ಧವಾಗಲಿಲ್ಲ, ಇಲ್ಲವೇ ಆಯಿತು. ಬಿಲ್ಲಿನ ಬೇಟೆಯ ರಹಸ್ಯವೆಲ್ಲ ಈ ಲೆಕ್ಕದಲ್ಲಿ ಅಡಗಿದೆ. ಬಿಲ್ಲುಗಾರನಿಗೆ ತೋಳಿನ ಬಲ ಎಷ್ಟು ಬೇಕೋ ಅದಕ್ಕಿಂತ ಹೆಚ್ಚಾಗಿ, ಹದಿನೈದು ಹೆಜ್ಜೆಯೊಳಗೆ ಪ್ರಾಣಿಗೆ ತಿಳಿಯದಂತೆ ಇರುವ ಜಾಣ್ಮೆ ಬೇಕು.

ಅದೇ ಸಮೀಪದಲ್ಲಿ ಅಪಾಯವೂ ಇದೆ. 24 ಜೌಲ್ ಎಂದರೆ ಒಂದು ಕಿಲೋಗ್ರಾಮಿನ ತೆಂಗಿನಕಾಯಿ ಎರಡೂವರೆ ಮೀಟರು ಎತ್ತರದಿಂದ ಬಿದ್ದಾಗಿನ ಶಕ್ತಿ. ದೊಡ್ಡ ಬೇಟೆಯ ಬಂದೂಕಿನ ಗುಂಡಿಗೆ ಇದರ ನೂರು ಪಟ್ಟಿಗೂ ಮಿಗಿಲಾದ ಶಕ್ತಿಯಿರುತ್ತದೆ. ಬಾಣವು ಪೆಟ್ಟಿನ ಆಘಾತದಿಂದ ಕೊಲ್ಲುವುದಿಲ್ಲ; ಮೊನೆಯಿಂದ ಕೊಯ್ದು, ರಕ್ತ ಸುರಿಸಿ ಕೊಲ್ಲುತ್ತದೆ. ಬಲಿತ ಗಂಡುಹಂದಿಯ ಹೆಗಲಿನ ಮೇಲೆ, ತಮ್ಮತಮ್ಮಲ್ಲೇ ಕಾದಾಡುವಾಗ ಎದುರಾಳಿಯ ಕೋರೆಯನ್ನು ತಡೆಯಲೆಂದೇ, ಗಡುಸಾದ ದಪ್ಪ ಕವಚ ಬೆಳೆದಿರುತ್ತದೆ. ಬಾಣವು ಎದೆಗೂಡನ್ನು ಹೊಗದೆ ಅಲ್ಲಿ ಸಿಕ್ಕಿಕೊಂಡರೆ ಹಂದಿ ಸಾಯುವುದಿಲ್ಲ. ಗಾಯಗೊಂಡು, ನೊಂದು, ಪೊದೆ ಸೇರುತ್ತದೆ. ಇಲ್ಲವೇ ತಿರುಗಿ ಬೀಳುತ್ತದೆ. ಆತಕೂರಿನ ಕಾಳಿಯ ಗತಿ ನಮ್ಮ ಮುಂದಿದೆ. ದೂರದಿಂದ ಬಿಟ್ಟ ಬಾಣವು ಬೇಟೆಯಲ್ಲ, ಹಿಂಸೆ ಎಂಬುದಕ್ಕೆ ನೀತಿಶಾಸ್ತ್ರ ಬೇಕಿಲ್ಲ, ಭೌತಶಾಸ್ತ್ರವೇ ಸಾಕು.

ಮಾಳದ ರಾತ್ರಿ

ಸಂಜೆ ಜೋಯಿಡಾದ ಹಳ್ಳಿಯನ್ನು ಸೇರಿದೆವು. ಎರಡು ಗುಡ್ಡಗಳ ನಡುವೆ ಮೆಟ್ಟಿಲುಮೆಟ್ಟಿಲಾಗಿ ಇಳಿದ ಗದ್ದೆಗಳು. ಮೇಲ್ಗಡೆ ಕಾಡು, ಕೆಳಗಡೆ ಹಳ್ಳ. ಹಳ್ಳದ ಪಕ್ಕದ ಜವುಗಿನಲ್ಲಿ ಹಂದಿಗಳು ಹೊರಳಾಡಿದ ಹೊಂಡಗಳಿದ್ದವು. ಸುತ್ತಲಿನ ಮರಗಳ ಬುಡಕ್ಕೆ ಮೈ ಉಜ್ಜಿದ ಕೆಸರು ಮೆತ್ತಿಕೊಂಡಿತ್ತು.

ಹಂದಿ ಕೆಸರಿನಲ್ಲಿ ಹೊರಳುವುದು ಕೊಳಕುತನದಿಂದಲ್ಲ. ನಮ್ಮಂತೆ ಬೆವರಿ ಮೈ ತಂಪು ಮಾಡಿಕೊಳ್ಳುವ ಸೌಕರ್ಯ ಅದಕ್ಕಿಲ್ಲ. ಮೈಮೇಲಿನ ಒಂದು ಗ್ರಾಮು ನೀರು ಆವಿಯಾಗಿ ಹೋಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಅದರ ಬಹುಭಾಗ ಮೈಯಿಂದಲೇ ಹೋಗುತ್ತದೆ. ತಿಳಿನೀರು ಮೈಯಿಂದ ಬೇಗ ಜಾರಿ ಆರಿಬಿಡುತ್ತದೆ. ಕೆಸರಾದರೋ ನೀರನ್ನು ಹಿಡಿದಿಟ್ಟುಕೊಂಡು ಬಹಳ ಹೊತ್ತು ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ನಮ್ಮ ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಹೀಗೆಯೇ. ಕೆಸರು ಒಣಗಿದ ಮೇಲೆ ಮರಕ್ಕೆ ಉಜ್ಜಿದರೆ ಉಣ್ಣೆಗಳೂ ಅದರೊಡನೆ ಉದುರುತ್ತವೆ. ಕೆಸರಿನಲ್ಲಿ ನಡೆಯಲೂ ಹಂದಿಯ ಕಾಲು ತಕ್ಕುದಾಗಿದೆ: ಗೊರಸುಗಳು ಅಗಲಕ್ಕೆ ಬಿಚ್ಚಿಕೊಳ್ಳುತ್ತವೆ, ಹಿಂದಿನ ಎರಡು ಚಿಕ್ಕ ಗೊರಸುಗಳೂ ನೆಲಕ್ಕೆ ಊರುತ್ತವೆ. ಭಾರವು ಹೆಚ್ಚು ವಿಸ್ತಾರಕ್ಕೆ ಹಂಚಿಹೋಗಿ ಒತ್ತಡ ಕಡಮೆಯಾಗುತ್ತದೆ.

ನಮಗೆ ಆಶ್ರಯ ನೀಡಿದ ವೃದ್ಧ ರೈತರು ಮಾಳದಲ್ಲಿ, ಎಂದರೆ ಗದ್ದೆ ಕಾಯಲು ಕಟ್ಟಿದ ಅಟ್ಟಣೆಯಲ್ಲಿ, ಕಂಬಳಿ ಹಾಸಿಕೊಟ್ಟರು. ತೆನೆ ಕಟ್ಟಿದಂದಿನಿಂದ ಕೊಯ್ಲಿನವರೆಗೆ ಅವರೂ ಅವರ ಮಗನೂ ಸರದಿಯ ಮೇಲೆ ಇಲ್ಲಿಯೇ ಮಲಗುತ್ತಾರೆ. ಮಲಗುತ್ತಾರೆ ಎನ್ನುವುದಕ್ಕಿಂತ ಎದ್ದಿರುತ್ತಾರೆ ಎನ್ನುವುದು ಸರಿ. "ಮಾಸ್ತರೇ, ಹಂದಿ ಬರೂದು ಕಣ್ಣಿಗೆ ಕಾಣೂದಿಲ್ಲ, ಕಿವಿಗೆ ಕೇಳ್ತದೆ" ಎಂದರು ಅವರು.

ರಾತ್ರಿ ಒಂಬತ್ತರ ಹೊತ್ತಿಗೆ ಊದುಬತ್ತಿಯೊಂದನ್ನು ಹಚ್ಚಿಟ್ಟು ಹೊಗೆಯ ದಿಕ್ಕನ್ನು ನೋಡಿದೆವು. ಅದು ಕಾಡಿನ ಕಡೆಯಿಂದ ಹಳ್ಳದ ಕಡೆಗೆ ನಿಧಾನವಾಗಿ ಸರಿಯುತ್ತಿತ್ತು. ಮೋಡವಿಲ್ಲದ ರಾತ್ರಿಯಲ್ಲಿ ಗುಡ್ಡದ ಇಳಿಜಾರು ಶಾಖವನ್ನು ಆಕಾಶಕ್ಕೆ ಬಿಟ್ಟು ಬೇಗ ತಣ್ಣಗಾಗುತ್ತದೆ. ಅದನ್ನು ಮುಟ್ಟಿದ ಗಾಳಿಯೂ ತಣ್ಣಗಾಗಿ, ಭಾರವಾಗಿ, ನೀರಿನಂತೆ ಕಣಿವೆಗೆ ಇಳಿಯುತ್ತದೆ. ಹಗಲಿನಲ್ಲಿ ಇದಕ್ಕೆ ವಿರುದ್ಧ: ಬಿಸಿಯಾದ ಗಾಳಿ ಕಣಿವೆಯಿಂದ ಗುಡ್ಡಕ್ಕೆ ಏರುತ್ತದೆ. ಹಂದಿಯ ಕಣ್ಣು ಅಷ್ಟೇನೂ ಚುರುಕಲ್ಲ; ಅದು ನೆಚ್ಚಿರುವುದು ಮೂಗು ಕಿವಿಗಳನ್ನು. ರಾತ್ರಿ ಮೇಲಿನ ಕಾಡಿನಿಂದ ಇಳಿಯುವ ಹಂದಿಗೆ ಕೆಳಗಿನ ಮನುಷ್ಯನ ವಾಸನೆ ಮುಂಚಿತವಾಗಿ ಸಿಗುವುದಿಲ್ಲ. ಕಾದು ಕುಳಿತ ಹಿಂದಿನ ಬಿಲ್ಲುಗಾರನಿಗೆ ಈ ಗಾಳಿಯೇ ಮಿತ್ರ. ಇಂದಿನ ರೈತನಿಗೆ ಅದೇ ಗಾಳಿ ಪ್ರತಿಕೂಲ. ಹಂದಿಯನ್ನು ಹೆದರಿಸಲೆಂದು ಗದ್ದೆಯಂಚಿನಲ್ಲಿ ಚೆಲ್ಲುವ ಕೂದಲು ಮೊದಲಾದ ವಸ್ತುಗಳ ವಾಸನೆಯೂ ಕಾಡಿನ ಕಡೆಗೆ ಹೋಗದೆ ಹಳ್ಳಕ್ಕೆ ಹರಿದುಹೋಗುತ್ತದೆ.

ಕಣಿವೆಯ ತಳದಲ್ಲಿ ತಂಪುಗಾಳಿ, ಅದರ ಮೇಲೆ ಬೆಚ್ಚಗಿನ ಗಾಳಿ. ಹೀಗಿರುವಾಗ ಮೇಲಕ್ಕೆ ಹೊರಟ ಶಬ್ದವು ಬಾಗಿ ಮತ್ತೆ ನೆಲದ ಕಡೆಗೆ ಬರುತ್ತದೆ. ದೂರದ ಮಾಳದಲ್ಲಿ ಯಾರೋ ಡಬ್ಬ ಬಡಿದುದೂ, ಕೂಗು ಹಾಕಿದುದೂ ನಮಗೆ ಪಕ್ಕದಲ್ಲಿಯೇ ಎಂಬಂತೆ ಕೇಳಿಸಿದುದು ಇದರಿಂದ.

ರಾತ್ರಿ ಎರಡು ಗಂಟೆಯ ಸುಮಾರಿಗೆ ರೈತರು ನಮ್ಮ ತೋಳು ಮುಟ್ಟಿದರು. ಕೆಸರಿನಲ್ಲಿ ಕಾಲೆತ್ತಿ ಇಡುವ ಸದ್ದು, ಆಮೇಲೆ ತೆನೆಯನ್ನು ಚಪ್ಪರಿಸುವ ಸದ್ದು. ಬ್ಯಾಟರಿ ಬಿಟ್ಟಾಗ ಕಪ್ಪು ಬೆನ್ನುಗಳು ಮಾತ್ರ ಕಂಡವು, ಕಣ್ಣುಗಳು ಹೊಳೆಯಲಿಲ್ಲ. ಹುಲಿ, ಜಿಂಕೆ, ದನಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಿರುಗಿಸುವ ಪದರವೊಂದಿದೆ; ಹಂದಿಗೆ ಅದಿಲ್ಲ. ಹಿಂಡಿನಲ್ಲಿ ದೊಡ್ಡವು ಮೂರು, ಮರಿಗಳು ಏಳೆಂಟು. ಹೆಣ್ಣುಗಳೂ ಮರಿಗಳೂ ಗುಂಪಾಗಿ ಇರುವುದು, ಬಲಿತ ಗಂಡು ಒಂಟಿಯಾಗಿ ತಿರುಗುವುದು ಇವುಗಳ ಪದ್ಧತಿ. ರೈತರು ಡಬ್ಬ ಬಡಿದರು. ಹಿಂಡು ಗದ್ದೆಯ ಇನ್ನೊಂದು ಮೂಲೆಗೆ ಸರಿಯಿತು, ಓಡಲಿಲ್ಲ. ಅವರು ಇಳಿದು ಪಂಜು ಹಿಡಿದು ಕೂಗುತ್ತ ನಡೆದಾಗಲಷ್ಟೇ ಕಾಡು ಸೇರಿತು. ಒಂದು ಗಂಟೆಯ ಮೇಲೆ ಮತ್ತೆ ಬಂದಿತು. ಡಬ್ಬದ ಸದ್ದಿನ ಹಿಂದೆ ಯಾವ ಪೆಟ್ಟೂ ಬರುವುದಿಲ್ಲವೆಂಬುದನ್ನು ಅದು ಕಲಿತಿದೆ.

ಬೆಳಿಗ್ಗೆ ಟೇಪು ಹಿಡಿದು ನೋಡಿದೆವು. ಮಾಳಕ್ಕೆ ಅತಿ ಸಮೀಪದ ಹೆಜ್ಜೆಗುರುತು 20 ಮೀಟರಿನಲ್ಲಿತ್ತು. ಹಿಂದಿನ ದಿನದ ಲೆಕ್ಕದಂತೆ ನಮ್ಮ ಬಿದಿರುಬಿಲ್ಲಿಗೆ ಅದು ದಕ್ಕದ ದೂರ. ಗದ್ದೆಯ ಒಂದು ಮೂಲೆ ಚಾಪೆ ಹಾಸಿದಂತೆ ಮಲಗಿತ್ತು. ರೈತರು ಬಾಗಿ, ಕೆಸರಿನಲ್ಲಿ ಹೂತ ತೆನೆಗಳನ್ನು ಒಂದೊಂದಾಗಿ ಎತ್ತಿ ತೊಳೆಯತೊಡಗಿದರು. ಮಾತನಾಡಲಿಲ್ಲ.

ತಡೆಯುವ ಉಪಾಯಗಳು

ಕೊಲ್ಲುವುದು ನಿಷಿದ್ಧ, ಹೆದರಿಸುವುದು ನಿಷ್ಫಲ ಎಂದಾದಾಗ ಕೆಲವರು ಕೆಟ್ಟ ಹಾದಿಗಳನ್ನು ಹಿಡಿಯುತ್ತಾರೆ. ತಂತಿಯ ಉರುಲಿಗೆ ಹಂದಿಯೊಂದೇ ಬೀಳುವುದಿಲ್ಲ, ಚಿರತೆಯೂ ಹುಲಿಯೂ ಬೀಳುತ್ತವೆ. ಹಣ್ಣಿನಲ್ಲಿ ಅಡಗಿಸಿದ ಸಿಡಿಮದ್ದಿನ ಫಲವನ್ನು 2020ರಲ್ಲಿ ದೇಶವೆಲ್ಲ ಕಂಡಿತು. ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಗಬ್ಬದ ಆನೆಯೊಂದು ಬಾಯಿ ಸಿಡಿದು, ನೀರಿನಲ್ಲಿ ನಿಂತೇ ಸತ್ತಿತು. ಎಲ್ಲಕ್ಕಿಂತ ಅಪಾಯಕರವಾದುದು ಮನೆಯ ವಿದ್ಯುತ್ತನ್ನು ನೇರವಾಗಿ ಬೇಲಿಗೆ ಕೊಡುವುದು.

ಇಲ್ಲಿ ವಿದ್ಯುಚ್ಛಾಸ್ತ್ರದ ಒಂದು ಭೇದವನ್ನು ವಾಚಕರು ಮನಗಾಣಬೇಕು. ಮನೆಯ ವಿದ್ಯುತ್ತು 230 ವೋಲ್ಟು. ಒದ್ದೆ ನೆಲದಲ್ಲಿ ನಿಂತವನ ಮೈಯ ತಡೆಯನ್ನು 1,000 ಓಮ್ ಎಂದು ಹಿಡಿದರೆ ಪ್ರವಾಹವು 0.23 ಆಂಪಿಯರು. ಹೃದಯದ ಮೂಲಕ ಹಾಯುವ ಪ್ರವಾಹವು ಅದರ ಅರ್ಧದಷ್ಟಿದ್ದರೂ ಪ್ರಾಣ ಹೋಗಬಹುದು. ಪ್ರವಾಹ ನಿರಂತರವಾದುದರಿಂದ ಸ್ನಾಯುಗಳು ಸೆಟೆದು, ಹಿಡಿದ ತಂತಿಯನ್ನು ಬಿಡಲೂ ಆಗದು. ಶಾಸ್ತ್ರೀಯವಾದ ಸೌರಬೇಲಿಯಲ್ಲಿ ವೋಲ್ಟು ಹಲವು ಸಾವಿರ. ಆದರೆ ಅದು ಸುಮಾರು ಸೆಕೆಂಡಿಗೊಮ್ಮೆ, ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಅಲ್ಪಕಾಲ ಮಿಡಿದು ನಿಲ್ಲುತ್ತದೆ. ಮಿಡಿತವೊಂದರ ಶಕ್ತಿಯನ್ನು ಸಾಮಾನ್ಯವಾಗಿ 5 ಜೌಲಿನ ಒಳಗೆ ಮಿತಗೊಳಿಸಿರುತ್ತಾರೆ. ನಮ್ಮ ಬಾಣದ ಶಕ್ತಿ 24 ಜೌಲ್ ಎಂಬುದನ್ನು ಇಲ್ಲಿ ನೆನೆಯಬಹುದು. ಬಾಣದ ಕಾಲುಭಾಗದಷ್ಟೂ ಇಲ್ಲದ ಶಕ್ತಿ ಹಂದಿಯನ್ನು ಕೊಲ್ಲದೆ, ಪಾಠ ಕಲಿಸಿ ಕಳುಹಿಸುತ್ತದೆ.

ಆದರೆ ಈ ಬೇಲಿಯೂ ಹಂದಿಯ ಮೈಯನ್ನು ಅರಿತು ಕಟ್ಟಿದುದಾಗಿರಬೇಕು. ಬಿರುಗೂದಲಿನ ಬೆನ್ನು ವಿದ್ಯುತ್ತನ್ನು ಚೆನ್ನಾಗಿ ಒಯ್ಯುವುದಿಲ್ಲ. ಒದ್ದೆಯಾದ ಮೂಗು ಒಯ್ಯುತ್ತದೆ. ಹಂದಿ ನೆಲವನ್ನು ಮೂಸುತ್ತಲೇ ಬರುವುದರಿಂದ ಕೆಳಗಿನ ತಂತಿಯು ಮೂಗಿನ ಮಟ್ಟದಲ್ಲಿ, ನೆಲದಿಂದ ಒಂದು ಗೇಣಿನ ಆಸುಪಾಸಿನಲ್ಲಿ ಇರಬೇಕು. ಆನೆಗೆಂದು ಎತ್ತರದಲ್ಲಿ ಕಟ್ಟಿದ ತಂತಿಯ ಕೆಳಗೆ ಹಂದಿ ನಿರಾತಂಕವಾಗಿ ನುಸುಳುತ್ತದೆ. ತಂತಿಯನ್ನು ತಗ್ಗಿಸಿದರೆ ಹುಲ್ಲು ತಗುಲಿ ವಿದ್ಯುತ್ತು ನೆಲಕ್ಕೆ ಸೋರಿಹೋಗುತ್ತದೆ. ಮಲೆನಾಡಿನ ಮಳೆಗೆ ಹುಲ್ಲು ವಾರದಲ್ಲಿ ಬೆಳೆಯುತ್ತದೆ. ಆದುದರಿಂದ ಬೇಲಿಯ ಬೆಲೆಯ ಜೊತೆಗೆ ಅದರ ಬುಡ ಸವರುವ ಕೂಲಿಯನ್ನೂ ಎಣಿಸಬೇಕು. ಒಬ್ಬನೇ ಬೇಲಿ ಕಟ್ಟಿದರೆ ಹಿಂಡು ಪಕ್ಕದ ಗದ್ದೆಗೆ ತಿರುಗುತ್ತದೆ. ಕಣಿವೆಯ ರೈತರೆಲ್ಲ ಒಟ್ಟಾಗಿ, ಕಾಡಿನ ಅಂಚಿನುದ್ದಕ್ಕೂ ಒಂದೇ ಬೇಲಿ ಕಟ್ಟಿ, ಸರದಿಯ ಮೇಲೆ ನೋಡಿಕೊಳ್ಳುವುದು ಮೇಲು.

ಬೆಳೆಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಉಂಟು; ಆದರೆ ಹೂತ ತೆನೆಯನ್ನು ತೊಳೆಯುತ್ತಿದ್ದ ಆ ವೃದ್ಧರಿಗೆ ಬೇಕಾದುದು ಹಣಕ್ಕಿಂತ ಮೊದಲು ಒಂದು ರಾತ್ರಿಯ ನಿದ್ರೆ. ಹಂದಿಯನ್ನು ಪೀಡಕ ಪ್ರಾಣಿಯೆಂದು ಸಾರಿ ಕೊಲ್ಲಲು ಬಿಡಬೇಕೆಂಬ ವಾದವೂ ಇದೆ. 2016ರಲ್ಲಿ ಉತ್ತರಾಖಂಡದ ಕೆಲವು ಜಿಲ್ಲೆಗಳಲ್ಲಿ ಕೇಂದ್ರ ಸರ್ಕಾರವು ಒಂದು ವರ್ಷದ ಮಟ್ಟಿಗೆ ಹಾಗೆ ಸಾರಿತ್ತು. 2022ರಲ್ಲಿ ಕೇರಳವು ಹಂದಿಯನ್ನು ಕೊಲ್ಲಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟಿತು. ಈ ವಾದವನ್ನು ರೈತನ ಸಂಕಟ ಅರಿಯದೆ ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಹಂದಿಯ ಗರ್ಭಾವಧಿ ನಾಲ್ಕು ತಿಂಗಳೊಳಗೇ ಮುಗಿಯುತ್ತದೆ, ಒಂದು ಸೂಲಿಗೆ ಹಲವು ಮರಿಗಳು. ಹುಲಿ ಕೆನ್ನಾಯಿಗಳಿರುವ ಕಾಡಿನಲ್ಲಿ ಅದರ ಸಂಖ್ಯೆಯನ್ನು ವರ್ಷವಿಡೀ ಕಾಯುವ ಬೇಟೆಗಾರರು ಅವೇ. ಉರುಲಿನಿಂದ ಅವುಗಳನ್ನು ಕಳೆದುಕೊಂಡರೆ ಬಂದೂಕು ಹಿಡಿದ ಮನುಷ್ಯನು ಆ ಸ್ಥಾನವನ್ನು ತುಂಬಲಾರನು.

ಹಿಂದಿನ ಬಿಲ್ಲುಗಾರನು ಗಾಳಿಯ ದಿಕ್ಕನ್ನೂ, ಕೆಸರಿನ ಹೊಂಡವನ್ನೂ, ಹಂದಿಯ ಮೂಗು ಕಿವಿಗಳನ್ನೂ ಬಲ್ಲವನಾಗಿದ್ದನು. ಹತ್ತು ಮೀಟರಿನ ಆಯುಧವನ್ನು ಹಿಡಿದವನಿಗೆ ಬೇರೆ ಗತಿಯಿರಲಿಲ್ಲ. ಬಿಲ್ಲು ಈಗ ಆಟದ ಮೈದಾನವನ್ನು ಸೇರಿದೆ, ಅಲ್ಲಿಯೇ ಇರಲಿ. ಆದರೆ ಆ ಅರಿವಿನ ಅವಶ್ಯಕತೆ ತಪ್ಪಿಲ್ಲ. ತಂತಿಯನ್ನು ಯಾವ ಎತ್ತರದಲ್ಲಿ ಕಟ್ಟಬೇಕು, ವಾಸನೆಯ ವಸ್ತುವನ್ನು ಗಾಳಿಯ ಯಾವ ಮಗ್ಗುಲಲ್ಲಿ ಇಡಬೇಕು, ಯಾವ ಜವುಗಿನ ಹಾದಿಯಾಗಿ ಹಿಂಡು ಇಳಿಯುತ್ತದೆ ಎಂಬುದನ್ನು ತಿಳಿಯಲು ಬೇಕಾದುದು ಅದೇ ವಿದ್ಯೆ. ಅದು ಹಳ್ಳಿಯ ಹಿರಿಯರ ಅನುಭವದಲ್ಲಿ ಇನ್ನೂ ಉಳಿದಿದೆ. ಅದಕ್ಕೆ ಅಳತೆಯನ್ನೂ ಲೆಕ್ಕವನ್ನೂ ಕೂಡಿಸುವುದು ನಮ್ಮ ಶಾಲೆ ಕಾಲೇಜುಗಳ ವಿಜ್ಞಾನದ ವಿದ್ಯಾರ್ಥಿಗಳಿಗೆ ಅಸಾಧ್ಯವಲ್ಲ. ಒಂದು ಊದುಬತ್ತಿ, ಒಂದು ಟೇಪು, ಒಂದು ನೋಟ್‌ಬುಕ್ಕು ಹಿಡಿದು, ಸುಗ್ಗಿಯ ಮುಂಚಿನ ಒಂದು ರಾತ್ರಿ ತಮ್ಮ ಊರಿನ ಮಾಳವನ್ನು ಏರಿದರೆ ಅವರಿಗೆ ಪ್ರಯೋಗಶಾಲೆಯು ಅಲ್ಲಿಯೇ ದೊರೆಯುತ್ತದೆ.